ಒಂದು ಶಿಫ್ಟ್ ಹಿಂದೆ, ಒಂದು ಗಂಟೆ ಮುಂದೆ

ಈಗ ಎಷ್ಟು ಗಂಟೆ ಎಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ಕನ್ನಡಕ ಹುಡುಕಬೇಕು, ಗೋಡೆಯ ಗಡಿಯಾರ ನೋಡಬೇಕು, ಅದು ತೋರಿಸುವ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಕಳೆಯಬೇಕೋ ಬೇಡವೋ ಎಂದು ನೆನಪಿಸಿಕೊಳ್ಳಬೇಕು. ಅಷ್ಟರಲ್ಲಿ ಕೇಳಿದವರು ತಮ್ಮ ಮೊಬೈಲ್ ತೆಗೆದು ನೋಡಿಕೊಂಡು ಹೊರಟಿರುತ್ತಾರೆ. ಆದರೆ ಏಳು ಗಂಟೆಯ ಹಿಂದೆ ಎಷ್ಟಾಗಿತ್ತು ಎಂದು ಕೇಳಿ ನೋಡಿ, ನೀವು ಬಾಯಿ ಮುಚ್ಚುವುದರೊಳಗೆ ಹೇಳಿಬಿಡುತ್ತೇನೆ. ಕಷ್ಟವೇನೆಂದರೆ, ಲೋಕದಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ನನ್ನ ಈ ವಿದ್ಯೆ ಉಪಯೋಗಕ್ಕೆ ಬಂದದ್ದು ಜೀವಮಾನದಲ್ಲಿ ಒಂದೇ ಸಲ, ಮೂರು ತಿಂಗಳ ಹಿಂದೆ, ಶಿವಮೊಗ್ಗದ ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ. ಅದರ ಫಲ ಈಗ ನನ್ನ ಎಡತೊಡೆಯ ಮೇಲೆ ಮಲಗಿದೆ. ಆಗಲೇ ಒಮ್ಮೆ ಪಂಚೆ ಒದ್ದೆ ಮಾಡಿದ್ದಾಳೆ. ಅಲುಗಾಡಿದರೆ ಎದ್ದುಬಿಟ್ಟಾಳು ಎಂದು ಒದ್ದೆಯಲ್ಲೇ ಕುಳಿತು, ಬಲಗೈಯೊಂದರಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಡೊಂಕಾಗಿದ್ದರೆ ಅದಕ್ಕೆ ಮೊಮ್ಮಗಳು ಅರ್ಧ ಕಾರಣ, ಇನ್ನರ್ಧಕ್ಕೆ ನನ್ನ ಓದು.

ಓದು ಎಂದರೆ ನಾಲ್ಕನೇ ಕ್ಲಾಸು, ಹೊಳಲೂರಿನಲ್ಲಿ. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ದಶಕ ಕಡ ತಾ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಗಡಿಯಾರದ ಪಕ್ಕದ ಮನೆಯವರು ಹತ್ತು ಕೊಡುವುದಿಲ್ಲ, ಹನ್ನೆರಡು ಕೊಡುತ್ತಾರೆ ಎಂಬ ಪಾಠ ಬರುವ ಮೊದಲೇ ನಾನು ಶಾಲೆ ಬಿಟ್ಟೆ. ಊರಿನಲ್ಲಿ ಅದರಿಂದ ನಷ್ಟವೇನೂ ಆಗಲಿಲ್ಲ. ನಮ್ಮಪ್ಪ ಹೊತ್ತು ನೋಡುತ್ತಿದ್ದದ್ದು ಕೊಟ್ಟಿಗೆಯ ನೆರಳಿನಲ್ಲಿ. ನೆರಳು ಒರಳುಕಲ್ಲಿಗೆ ಬಂದರೆ ಊಟ, ಕಲ್ಲು ದಾಟಿದರೆ ಮತ್ತೆ ಗದ್ದೆ. ಆ ನೆರಳಿಗೆ ಹಿಂದಿನ ಹೊತ್ತನ್ನು ಕೇಳುವ ಹಾಗಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಈಗ ಎಂಬುದೊಂದೇ.

ನನಗೆ ಹಿಂದಿನ ಹೊತ್ತು ಕಲಿಸಿದ್ದು ಭದ್ರಾವತಿಯ ಕಾರ್ಖಾನೆ. ಅಲ್ಲಿ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಇರಲಿಲ್ಲ, ಮೂರು ಶಿಫ್ಟ್ ಇತ್ತು. ಬೆಳಿಗ್ಗೆ ಆರಕ್ಕೆ ಫಸ್ಟ್, ಮಧ್ಯಾಹ್ನ ಎರಡಕ್ಕೆ ಸೆಕೆಂಡ್, ರಾತ್ರಿ ಹತ್ತಕ್ಕೆ ನೈಟ್. ಎಂಟೆಂಟು ಗಂಟೆಯ ಮೂರು ತುಂಡು. ಸೈರನ್ ಕೂಗಿದರೆ ಊರಿನ ಅರ್ಧ ಜನ ಏಳುತ್ತಿದ್ದರು, ಇನ್ನರ್ಧ ಮಲಗುತ್ತಿದ್ದರು. ಎಂಟು ಗಂಟೆ ಹಿಂದೆ ಹೋಗುವುದು ಎಂದರೆ ನಮಗೆ ಲೆಕ್ಕವೇ ಅಲ್ಲ. ಎರಡರ ಹಿಂದೆ ಆರು, ಆರರ ಹಿಂದೆ ಹತ್ತು, ಹತ್ತರ ಹಿಂದೆ ಎರಡು. ಮಗ್ಗಿ ಮರೆತವನಿಗೂ ಇದು ಮರೆಯುವುದಿಲ್ಲ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಏಳು ಗಂಟೆಯ ಹಿಂದಿನ ಹೊತ್ತು ಬೇಕಾದರೆ, ಒಂದು ಶಿಫ್ಟ್ ಹಿಂದೆ ಹೋಗಿ ಆರಕ್ಕೆ ನಿಲ್ಲುತ್ತೇನೆ, ಅಲ್ಲಿಂದ ಒಂದು ಗಂಟೆ ಮುಂದೆ ಬರುತ್ತೇನೆ. ಬೆಳಿಗ್ಗೆ ಏಳು. ಯಾರ ಮನೆಯಿಂದಲೂ ಕಡ ತರುವುದು ಬೇಡ. ಮೂವತ್ತು ಗಂಟೆಯ ಹಿಂದೆ ಎಂದರೆ ಇನ್ನೂ ಸುಲಭ. ಮೂರು ಶಿಫ್ಟ್ ಒಂದು ದಿನವನ್ನೇ ನುಂಗಿತು, ಉಳಿದದ್ದು ಆರು. ಒಂದು ಶಿಫ್ಟ್ ಹಿಂದೆ, ಎರಡು ಗಂಟೆ ಮುಂದೆ.

ನನ್ನ ಅಳಿಯ ಶ್ರೀಧರ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮನೆ ವಿನೋಬನಗರ. ಮದುವೆಯಾದ ಹೊಸದರಲ್ಲಿ ಈ ವಿದ್ಯೆಯನ್ನು ಅವರಿಗೆ ತೋರಿಸಿದ್ದೆ. ಅವರು ಹನ್ನೆರಡು ಕೂಡಿಸಿ ಹದಿನಾಲ್ಕು ಮಾಡಿ, ಅದರಲ್ಲಿ ಏಳು ಕಳೆದು, "ಹೀಗೂ ಏಳೇ ಬರುತ್ತೆ ಮಾವ," ಎಂದರು. ನನ್ನ ದಾರಿಯಲ್ಲೂ ಏಳು ಬಂದದ್ದು ಅವರಿಗೆ ಸ್ವಲ್ಪ ಆಶ್ಚರ್ಯ. ಅವರ ದಾರಿಯಲ್ಲಿ ಇಷ್ಟು ಸುತ್ತಿಯೂ ಏಳೇ ಬಂದದ್ದು ನನಗೆ ಆಶ್ಚರ್ಯ.

ಆ ಇಪ್ಪತ್ತು ನಿಮಿಷದ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಕಾರ್ಖಾನೆಯವರ ಮನೆಯ ಗಡಿಯಾರಗಳು ಸರಿಯಾದ ಹೊತ್ತು ತೋರಿಸುತ್ತಿರಲಿಲ್ಲ. ಸೈರನ್ನಿಗೆ ಮುಚ್ಚುವ ಕಾರ್ಖಾನೆಯ ಗೇಟು ತಪ್ಪಬಾರದೆಂದು ಒಬ್ಬರು ಹತ್ತು ನಿಮಿಷ, ಒಬ್ಬರು ಕಾಲು ಗಂಟೆ ಮುಂದೆ ಇಟ್ಟುಕೊಳ್ಳುತ್ತಿದ್ದರು. ನಮ್ಮದು ಇಪ್ಪತ್ತು. ಇಟ್ಟವರಿಗೂ ಅದು ಸುಳ್ಳೆಂದು ಗೊತ್ತು, ನೋಡುವವರಿಗೂ ಗೊತ್ತು, ಆದರೂ ನೋಡಿದ ತಕ್ಷಣ ಎದೆ ಧಸಕ್ಕೆನ್ನುತ್ತಿತ್ತು. ಅಷ್ಟೇ ಬೇಕಾದದ್ದು. ನನ್ನ ಹೆಂಡತಿ ಸರೋಜ ಈ ಇಪ್ಪತ್ತು ನಿಮಿಷವನ್ನು ಬಹಳ ಜಾಣತನದಿಂದ ಬಳಸುತ್ತಿದ್ದಳು. ನನ್ನನ್ನು ಎಬ್ಬಿಸುವಾಗ ಕಳೆಯುತ್ತಿರಲಿಲ್ಲ, ನಾನು ಕಾಫಿ ಕೇಳುವಾಗ ತಪ್ಪದೆ ಕಳೆಯುತ್ತಿದ್ದಳು. "ಇನ್ನೂ ಇಪ್ಪತ್ತು ನಿಮಿಷ ಇದೆ ರೀ, ಅದು ಫಾಸ್ಟು," ಎನ್ನುವುದು ಅವಳ ಬಾಯಿಪಾಠ.

ಇನ್ನೊಂದು ತಮಾಷೆ. ಆ ಕಾಲದಲ್ಲಿ ಮನೆಯಲ್ಲಿ ಹೆರಿಗೆಯಾದರೆ, ಹುಟ್ಟಿದ ಹೊತ್ತನ್ನು ಸೈರನ್ ಕೇಳಿ ಹೇಳುತ್ತಿದ್ದರು. ಸೈರನ್ ಕೂಗಿದಾಗ ಹುಟ್ಟಿತು ಎಂದರೆ ಮುಗಿಯಿತು. ಜಾತಕ ಬರೆಯುತ್ತಿದ್ದ ಹಳೇನಗರದ ಜೋಯಿಸರು ಒಮ್ಮೆ ರೇಗಿ, "ಏನಪ್ಪಾ ಇದು, ನಿಮ್ಮ ಕಾರ್ಖಾನೆ ಹೆಂಗಸರು ಆರಕ್ಕೆ, ಎರಡಕ್ಕೆ, ಹತ್ತಕ್ಕೆ ಬಿಟ್ಟು ಬೇರೆ ಹೊತ್ತಲ್ಲಿ ಹೆರೋದೇ ಇಲ್ವಾ?" ಎಂದಿದ್ದರಂತೆ. ಒಂದೇ ಗ್ರಹಗತಿಯ ಎಷ್ಟು ಮಕ್ಕಳು ನಮ್ಮೂರಲ್ಲಿ ಬೆಳೆದರೋ! ಒಬ್ಬ ಪೊಲೀಸಾದ, ಒಬ್ಬನನ್ನು ಪೊಲೀಸರು ಹುಡುಕಿದರು. ಗ್ರಹಗಳಿಗೂ ಶಿಫ್ಟ್ ಇರಬೇಕು.

ನನ್ನ ಮಗಳು ಮಂಜುಳಾ ಮಾತ್ರ ಆ ಲೆಕ್ಕಕ್ಕೆ ಸಿಗಲಿಲ್ಲ. ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದವಳು ಅವಳು, ಒಬ್ಬಳೇ ಮಗಳು. ಅವತ್ತು ನನಗೆ ಫಸ್ಟ್ ಶಿಫ್ಟ್. ನೋವಿನ್ನೂ ಜೋರಾಗಿಲ್ಲ, ಹೋಗಿ ಬನ್ನಿ ಎಂದು ಸರೋಜಳೇ ಕಳಿಸಿದ್ದಳು. ಮಧ್ಯಾಹ್ನ ಎರಡಕ್ಕೆ ಗೇಟಿನಿಂದ ಹೊರಗೆ ಬರುವಾಗ, ಸೆಕೆಂಡ್ ಶಿಫ್ಟಿಗೆ ಒಳಗೆ ಹೋಗುತ್ತಿದ್ದ ಪಕ್ಕದ ಮನೆಯ ಮುರುಗೇಶ ಸೈಕಲ್ ಮೇಲಿಂದಲೇ ಕೂಗಿದ: "ಅಣ್ಣೇ, ಹೆಣ್ಣು ಮಗು! ಆಗಲೇ ಏಳು ಗಂಟೆ ಟೈಮ್ ಆಯ್ತು ಹುಟ್ಟಿ! ಎಲ್ಲಿ ಅಣ್ಣೇ ಸ್ವೀಟು?"

ಏಳು ಗಂಟೆ ಹಿಂದೆ. ಒಂದು ಶಿಫ್ಟ್ ಹಿಂದೆ, ಒಂದು ಗಂಟೆ ಮುಂದೆ. ಬೆಳಿಗ್ಗೆ ಏಳಕ್ಕೆ ನಾನೇನು ಮಾಡುತ್ತಿದ್ದೆ? ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ, ಎರಡು ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬಂದವನೊಬ್ಬನನ್ನು ನೋಡಿ ನಗುತ್ತಿದ್ದೆ. ಎಂಟು ವರ್ಷ ಕಾದಿದ್ದ ಮಗು ಭೂಮಿಗೆ ಬಂದ ಗಳಿಗೆಯಲ್ಲಿ ಅದರಪ್ಪ ಯಾರದೋ ಚಪ್ಪಲಿ ನೋಡುತ್ತಿದ್ದ. ಅವತ್ತಿನಿಂದ ನನಗಿದು ಅಂಟಿಕೊಂಡಿತು. ಯಾವ ಸುದ್ದಿ ಬಂದರೂ, ಅದು ಆದದ್ದು ಎಷ್ಟು ಹೊತ್ತಿನ ಹಿಂದೆ, ಆಗ ಗಂಟೆ ಎಷ್ಟು, ಆ ಗಂಟೆಯಲ್ಲಿ ನಾನು ಎಲ್ಲಿದ್ದೆ ಎಂದು ಲೆಕ್ಕ ಹಾಕುತ್ತೇನೆ. ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಬೇರೆ ಎಲ್ಲೋ ಇದ್ದೆ.

ಈಗ ನನ್ನ ಇನ್ನೊಂದು ಹುಚ್ಚನ್ನೂ ಒಪ್ಪಿಕೊಳ್ಳಬೇಕು. ನಿವೃತ್ತನಾಗಿ ವರ್ಷಗಳೇ ಆದವು. ಕ್ವಾರ್ಟರ್ಸ್ ಬಿಟ್ಟು ಜನ್ನಾಪುರದಲ್ಲಿ ಸಣ್ಣ ಮನೆ ಮಾಡಿಕೊಂಡೆವು. ಕೆಲಸ ನನ್ನನ್ನು ಬಿಟ್ಟಿತು, ಶಿಫ್ಟ್ ಬಿಡಲಿಲ್ಲ. ಒಂದು ವಾರ ಬೆಳಗಿನ ಜಾವ ತಾನಾಗಿ ಎಚ್ಚರವಾಗಿ, ಐದಕ್ಕೆ ಸ್ನಾನ ಮುಗಿದಿರುತ್ತದೆ. ಮುಂದಿನ ವಾರ ಎಂಟಾದರೂ ಕಣ್ಣು ಬಿಡುವುದಿಲ್ಲ, ಸ್ನಾನ ಹತ್ತರ ಹತ್ತಿರ. ಮೂರನೆಯ ವಾರ ಹಗಲೆಲ್ಲ ತೂಕಡಿಕೆ. ದೇಹ ತಾನೇ ಸುತ್ತು ಹೊಡೆಯುತ್ತಿರುವುದನ್ನು ನೋಡಿ, ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರದ ಮೇಲೆ ಪೆನ್ಸಿಲಿನಿಂದ ಒಂದು, ಎರಡು, ಮೂರು ಎಂದು ಬರೆದಿಡುವ ಅಭ್ಯಾಸ ಮಾಡಿಕೊಂಡೆ. ಸರೋಜ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಳು. "ನೋಡಿ, ಸಂಬಳ ಇಲ್ದೆ ಡ್ಯೂಟಿ ಮಾಡೋ ಗಂಡಸು." ಅಳಿಯಂದಿರ ಮುಂದೆ ಮಾತ್ರ ಈ ಹುಚ್ಚನ್ನು ಮುಚ್ಚಿಟ್ಟಿದ್ದೆವು. ಅವರು ಬಂದ ದಿನಗಳೆಲ್ಲ ಹೇಗೋ ಫಸ್ಟ್ ಶಿಫ್ಟ್ ವಾರದಲ್ಲೇ ಬಿದ್ದಿದ್ದವು. ಹಾಗಾಗಿ, ಐದು ಗಂಟೆಗೆ ಸ್ನಾನ ಮಾಡುವ ಶಿಸ್ತಿನ ಮನುಷ್ಯ ನಮ್ಮ ಮಾವ ಎಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಕೆಡಿಸಲು ನನಗೂ ಮನಸ್ಸಿರಲಿಲ್ಲ.

ಮಂಜುಳಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ದಿನ ತುಂಬಿತ್ತು. ಅವಳಿಗಿದ್ದದ್ದು ಒಂದೇ ಭಯ. "ಅಪ್ಪಾ, ಆಪರೇಷನ್ ಮಾತ್ರ ಆಗದೇ ಇದ್ರೆ ಸಾಕು," ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, ಅದು ನನ್ನ ಕೈಯಲ್ಲಿದೆಯೇನೋ ಎಂಬಂತೆ. ಹೆರಿಗೆಯ ಹಿಂದಿನ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲವೆಂದು, ಬೆಳಗಿನ ಜಾವ ನಾಲ್ಕಕ್ಕೆ ಸರೋಜ ಕಿಟಕಿಗೆ ದಪ್ಪ ಜಮಖಾನ ಕಟ್ಟಿ ಕೋಣೆ ಕತ್ತಲೆ ಮಾಡಿ ಮಲಗಿಸಿದ್ದಳು. ಮಗಳು ನಿದ್ದೆಗಣ್ಣಿನಲ್ಲೇ ಒಮ್ಮೆ ಎದ್ದಿದ್ದಾಳೆ, ಬಟ್ಟೆ ಒದ್ದೆಯಾದದ್ದು ಕಂಡು, ಮಗು ಒತ್ತಿದ್ದಕ್ಕೆ ಹೀಗಾಗಿರಬೇಕು ಎಂದು ನಾಚಿ ಸೀರೆ ಬದಲಾಯಿಸಿ ಮತ್ತೆ ಮಲಗಿದ್ದಾಳೆ. ಮಧ್ಯಾಹ್ನ ಒಂದರ ಹೊತ್ತಿಗೆ ಎದ್ದು ಅಮ್ಮನಿಗೆ ಹೇಳಿದಾಗ ಸರೋಜ ಕೈಯಲ್ಲಿದ್ದ ಸೌಟು ಬಿಟ್ಟಳು. ಅದು ಗರ್ಭದ ನೀರು.

ಕಾರು ಮಾಡಿಸಿಕೊಂಡು ಶಿವಮೊಗ್ಗಕ್ಕೆ ಬಂದೆವು. ಶ್ರೀಧರ ಶಾಲೆಯಿಂದ ನೇರವಾಗಿ ಆಸ್ಪತ್ರೆಗೆ ಬಂದಿದ್ದರು. ಅವರನ್ನೂ ಮಂಜುಳಾಳನ್ನೂ ಒಳಗೆ ಕರೆದರು, ನಾವಿಬ್ಬರು ಕಾರಿಡಾರಿನ ಬೆಂಚಿನ ಮೇಲೆ. ಸ್ವಲ್ಪ ಹೊತ್ತಿಗೆ ನರ್ಸ್ ಬಂದಳು.

"ನೀರು ಹೋಗಿ ಒಂಬತ್ತೂವರೆ ಗಂಟೆ ಆಗಿದೆ ಅಜ್ಜಿ. ಇನ್ನೂ ನೋವು ಬಂದಿಲ್ಲ. ಇಷ್ಟು ಹೊತ್ತಾದ ಮೇಲೆ ಕಾಯೋದು ಬೇಡ ಅಂತಾರೆ ಮೇಡಂ. ನೋವು ಬರೋ ಇಂಜೆಕ್ಷನ್ ಶುರು ಮಾಡ್ತಾರೆ. ಅದಕ್ಕೂ ಆಗ್ಲಿಲ್ಲ ಅಂದ್ರೆ ಆಪರೇಷನ್."

ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಏನೂ ಮಾಡಲಿಲ್ಲ, ಗೋಡೆಯ ಗಡಿಯಾರ ನೋಡಿದೆ. ಎರಡೂವರೆ. ಅದು ಆಸ್ಪತ್ರೆಯ ಗಡಿಯಾರ, ಇಪ್ಪತ್ತು ಕಳೆಯುವುದು ಬೇಡ. ಮನಸ್ಸು ತನ್ನ ಪಾಡಿಗೆ ಹಳೇ ಚಟಕ್ಕೆ ಬಿತ್ತು. ಒಂಬತ್ತೂವರೆ ಗಂಟೆ ಹಿಂದೆ. ಒಂದು ಶಿಫ್ಟ್ ಹಿಂದೆ ಆರೂವರೆ. ಇನ್ನೂ ಒಂದೂವರೆ ಹಿಂದೆ. ಐದು. ಬೆಳಗಿನ ಐದಕ್ಕೆ ನಾನು ಎಲ್ಲಿದ್ದೆ?

ಹಾಸಿಗೆಯಲ್ಲಿದ್ದೆ.

"ಒಂಬತ್ತೂವರೆ ಗಂಟೆ ಅಂತ ಯಾರಮ್ಮ ಹೇಳಿದ್ದು?" ಎಂದೆ.

"ಪೇಷೆಂಟೇ ಹೇಳಿದ್ದು. ಫಸ್ಟ್ ಸಲ ಎಚ್ಚರ ಆದಾಗ ಅವರಪ್ಪ ಸ್ನಾನ ಮಾಡ್ತಿದ್ದ ಚೊಂಬಿನ ಸದ್ದು ಕೇಳ್ತಂತೆ. ಗಂಟೆ ಎಷ್ಟು ಅಂತ ಅವರಿಗೆ ಗಾಬರೀಲಿ ಗೊತ್ತಾಗ್ಲಿಲ್ಲ. ಮಾವ ದಿನಾ ಸ್ನಾನ ಮಾಡೋದು ಐದಕ್ಕೆ ಅಂತ ಅವರ ಯಜಮಾನ್ರು ಹೇಳಿದ್ರು."

ಗಣಿತದ ಮೇಷ್ಟ್ರು ಐದರಿಂದ ಎರಡೂವರೆಗೆ ಎಣಿಸಿದ್ದರು, ಒಂಬತ್ತೂವರೆ ಬಂದಿತ್ತು. ಲೆಕ್ಕ ಸರಿಯಾಗಿತ್ತು, ಸ್ನಾನ ತಪ್ಪಾಗಿತ್ತು. ನರ್ಸ್ ಬಂದು ಐದು ಗಂಟೆಗೆ ಎಂದಿದ್ದರೆ ಸರೋಜಳೇ ಹಿಡಿದುಬಿಡುತ್ತಿದ್ದಳು. ಆದರೆ ನರ್ಸ್ ಹೇಳಿದ್ದು ಎಷ್ಟು ಗಂಟೆ ಕಳೆಯಿತು ಎಂಬುದನ್ನು. ಅದನ್ನು ಹಿಂದಕ್ಕೆ ತಿರುಗಿಸಿ ಗಡಿಯಾರಕ್ಕೆ ಹಚ್ಚುವ ಚಟದವನು ಆ ಬೆಂಚಿನ ಮೇಲೆ ನಾನೊಬ್ಬನೇ ಇದ್ದೆ.

ಎದ್ದು ನೇರವಾಗಿ ಒಳಬಾಗಿಲಿಗೆ ನಡೆದೆ. "ಅಜ್ಜ, ಅಜ್ಜ, ಗಂಡಸರು ಒಳಗೆ ಬರೋ ಹಾಗಿಲ್ಲ," ಎಂದು ನರ್ಸ್ ಅಡ್ಡ ಬಂದಳು. ನಾನು ಹೊಸಿಲಲ್ಲೇ ನಿಂತು, ಮೆಷಿನ್ನುಗಳ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲಿನಲ್ಲಿ ಕೂಗಿದೆ: "ಡಾಕ್ಟರಮ್ಮಾ, ಈ ವಾರ ನಂದು ಸೆಕೆಂಡ್ ಶಿಫ್ಟು!"

ಇಡೀ ಕಾರಿಡಾರು ತಿರುಗಿ ನೋಡಿತು. "ಈ ವಯಸ್ಸಲ್ಲೂ ಡ್ಯೂಟಿಗೆ ಹೋಗ್ತೀರಾ?" ಎಂದಳು ನರ್ಸ್. ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದರು, ಅವರ ಹಿಂದೆ ಬೆವರುತ್ತಿದ್ದ ಶ್ರೀಧರ.

"ಮಾವ, ಏನಾಯ್ತು?"

"ಈ ವಾರ ನಾನು ಐದಕ್ಕೆ ಏಳಲ್ಲ. ಹತ್ತರ ಹತ್ತಿರ ಸ್ನಾನ."

ಶ್ರೀಧರ ನನ್ನನ್ನು ನೋಡಿದ ನೋಟದಲ್ಲಿ ನನ್ನ ಶಿಸ್ತಿನ ಕೀರ್ತಿಯೆಲ್ಲ ತೊಳೆದುಹೋಯಿತು. ಸರೋಜ ಮುಂದೆ ಬಂದಳು. "ಹೌದು ಮೇಡಂ. ಐದಕ್ಕೆ ಗೊರಕೆ ಹೊಡೀತಿದ್ರು, ನಾನೇ ಸಾಕ್ಷಿ. ರಿಟೈರ್ ಆದ್ರೂ ಇವರಿಗೆ ಶಿಫ್ಟ್ ಹುಚ್ಚು. ಕ್ಯಾಲೆಂಡರಲ್ಲಿ ಬರ್ಕೊಂಡಿದಾರೆ. ಬೇಕಿದ್ರೆ ತರಿಸ್ತೀನಿ."

"ಕ್ಯಾಲೆಂಡರ್ ಬೇಡಮ್ಮ," ಎಂದರು ಡಾಕ್ಟರಮ್ಮ. "ಸರಿಯಾಗಿ ಎಷ್ಟು ಗಂಟೆಗೆ ಸ್ನಾನ ಮಾಡಿದ್ರಿ, ಅದನ್ನ ಹೇಳಿ."

"ಒಂಬತ್ತೂ ಮುಕ್ಕಾಲು. ಒರೆಸ್ಕೊಂಡು ಬಂದು ಗಡಿಯಾರ ನೋಡ್ದೆ."

"ಅಲ್ಲ ಮೇಡಂ, ಒಂಬತ್ತೂ ಇಪ್ಪತ್ತೈದು," ಎಂದಳು ಸರೋಜ. "ನಮ್ಮನೆ ಗಡಿಯಾರ ಇಪ್ಪತ್ತು ನಿಮಿಷ ಫಾಸ್ಟು."

"ನಾನು ಕಳೆದೇ ಹೇಳಿದ್ದು ಮಾರಾಯ್ತಿ! ಅದರಲ್ಲಿ ಹತ್ತೂ ಐದು ಆಗಿತ್ತು."

"ನೀವು ಕಳೆದಿದ್ದು ನಂಗೇನು ಗೊತ್ತು? ಯಾವಾಗಲೂ ಕಳೆಯೋದು ನಾನು."

ಡಾಕ್ಟರಮ್ಮ ಕೈ ಎತ್ತಿದರು. "ಯಾವುದಾದ್ರೂ ಆಗಲಿ. ನೀರು ಹೋಗಿ ಐದು ಗಂಟೆ ಆಸುಪಾಸು ಆಗಿದೆ ತಾನೇ?"

"ಅರ್ಧ ಶಿಫ್ಟ್ ಮೇಲೆ ಮುಕ್ಕಾಲು ಗಂಟೆ," ಎಂದೆ. ಅವರು ಶ್ರೀಧರರ ಮುಖ ನೋಡಿದರು. "ನಾಲ್ಕೂ ಮುಕ್ಕಾಲು, ಮೇಡಂ," ಎಂದು ಶ್ರೀಧರ ತರ್ಜುಮೆ ಮಾಡಿದರು.

ಒಳಗೆ ಹೋಗಿ ಮಂಜುಳಾಳನ್ನು ಮತ್ತೆ ಕೇಳಿದರಂತೆ. ಚೊಂಬಿನ ಸದ್ದಿನ ಜೊತೆಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದೂ ಕೇಳಿಸಿತ್ತು ಎಂದು ಅವಳಿಗೆ ಆಗ ನೆನಪಾಯಿತು. ಸೊಪ್ಪಿನವಳು ಐದಕ್ಕೆ ಬರುವುದಿಲ್ಲವಲ್ಲ! ಜ್ವರವಿಲ್ಲ, ಮಗುವಿನ ಎದೆಬಡಿತ ಚೆನ್ನಾಗಿದೆ, ಇನ್ನೂ ಸ್ವಲ್ಪ ಹೊತ್ತು ಕಾಯಬಹುದು, ನೋವು ತಾನಾಗಿ ಬಂದರೆ ಒಳ್ಳೆಯದು ಎಂದರು ಡಾಕ್ಟರಮ್ಮ. ಇಂಜೆಕ್ಷನ್ ಕೊಟ್ಟಿದ್ದರೂ ಎಲ್ಲ ಸುಸೂತ್ರವಾಗಿಯೇ ಆಗುತ್ತಿತ್ತೋ ಏನೋ, ಎಷ್ಟು ಜನಕ್ಕೆ ಕೊಡುವುದಿಲ್ಲ! ಅದನ್ನು ಹೇಳಲು ನಾನು ಯಾರು? ನಾಲ್ಕನೇ ಕ್ಲಾಸಿನವನು. ನಾನು ಹೇಳಬಲ್ಲದ್ದು ಇಷ್ಟೇ: ನಾಲ್ಕರ ಸುಮಾರಿಗೆ ನೋವು ತಾನಾಗಿ ಬಂತು.

ಮಗಳ ಜೊತೆಗಿರಲು ಸರೋಜಳನ್ನು ಒಳಗೆ ಕರೆದರು. ಹೋಗುವಾಗ ಅವಳು ನನಗೆ ಒಂದೇ ಒಂದು ಕೆಲಸ ಹೇಳಿದಳು. "ಮಗು ಅತ್ತ ಸದ್ದು ಕೇಳಿದ ಕೂಡ್ಲೇ ಗಡಿಯಾರ ನೋಡಿ. ಜಾತಕಕ್ಕೆ ಬೇಕು. ಬೇರೇನೂ ಮಾಡ್ಬೇಡಿ."

ಗಡಿಯಾರದ ಎದುರಿಗಿದ್ದ ಬೆಂಚಿನಲ್ಲೇ ಕುಳಿತೆ. ಐದಾಯಿತು, ಐದೂವರೆಯಾಯಿತು. ಶ್ರೀಧರ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಆರು ಗಂಟೆಯನ್ನು ನಾನು ಕಣ್ಣಾರೆ ನೋಡಿದೆ, ಅಷ್ಟು ಖಂಡಿತ. ಆಮೇಲೆ ಒಳಗಿನಿಂದ ಒಂದು ಸದ್ದು ಬಂತು. ಸಣ್ಣದು, ಸಿಟ್ಟಿನದು, ನಿದ್ದೆಯಿಂದ ಎಬ್ಬಿಸಿದವರನ್ನು ಬೈಯುವಂಥದ್ದು. ಶ್ರೀಧರ ನಿಂತಲ್ಲೇ ನಿಂತರು. ಮುಂದಿನದು ಶ್ರೀಧರ ಹೇಳಿದ್ದು, ನನಗೆ ನೆನಪಿಲ್ಲ: ನಾನು ಎದ್ದು, ಆ ಹೊತ್ತಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಗುರುತು ಪರಿಚಯವಿಲ್ಲದ ಒಬ್ಬರ ಎರಡೂ ಕೈ ಹಿಡಿದುಕೊಂಡು "ಬಂತು, ಬಂತು" ಎನ್ನುತ್ತಿದ್ದೆನಂತೆ. ಪಾಪ, ಅವರು ಲಿಫ್ಟ್ ಬಂತೇನೋ ಎಂದು ಆ ಕಡೆ ನೋಡಿದರಂತೆ.

ಸರೋಜ ಹೊರಗೆ ಬಂದಳು. ಕಣ್ಣು ಒರೆಸಿಕೊಂಡು, "ಹೆಣ್ಣು ಮಗು ರೀ. ಮಂಜು ಚೆನ್ನಾಗಿದಾಳೆ. ಎಷ್ಟು ಗಂಟೆ ಆಗಿತ್ತು?" ಎಂದಳು.

ನಾನು ಆಗ ಗಡಿಯಾರದ ಕಡೆ ತಿರುಗಿದೆ.

"ನೋಡ್ಲಿಲ್ವಾ? ಗಡಿಯಾರದ ಮುಂದೇನೇ ಕೂರ್ಸಿ ಹೋಗಿದ್ನಲ್ರೀ! ಜನ್ಮ ಇಡೀ ಬೇಡದ ಹೊತ್ತಿನದೆಲ್ಲ ಲೆಕ್ಕ ಹಾಕಿದ್ರಿ!"

ಆಸ್ಪತ್ರೆಯವರು ಚೀಟಿಯಲ್ಲಿ ಆರು ಗಂಟೆ ಹದಿನೆಂಟು ನಿಮಿಷ ಎಂದು ಬರೆದುಕೊಟ್ಟರು. ಜಾತಕಕ್ಕೆ ತೊಂದರೆಯಾಗಲಿಲ್ಲ. ನನಗಂತೂ ಮಂಜುಳಾ ಹುಟ್ಟಿದ ಹೊತ್ತಿನದೆಲ್ಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಏಳು ಗಂಟೆ, ಕ್ಯಾಂಟೀನು, ಚಹಾದ ಲೋಟ, ಆ ಎರಡು ಬಣ್ಣದ ಚಪ್ಪಲಿ. ಈ ಪುಟ್ಟಿಯ ಹೊತ್ತಿನ ಒಂದು ನಿಮಿಷವೂ ನೆನಪಿಲ್ಲ. ಇದಕ್ಕೆ ಬೇಸರ ಪಡಬೇಕೇ ಎಂದು ಕೆಲವು ದಿನ ಯೋಚಿಸಿದೆ. ಅಲ್ಲಿ ಇಲ್ಲದವನಿಗೆ ತಾನೇ ಲೆಕ್ಕ ಬೇಕು? ಈ ಸಲ ನಾನು ಬಾಗಿಲಲ್ಲೇ ಇದ್ದೆ.

ಬಾಣಂತಿಯನ್ನೂ ಮಗುವನ್ನೂ ಮನೆಗೆ ಕರೆತಂದ ಮೇಲೆ ಒಂದು ದಿನ, ಸ್ಟೂಲು ಹತ್ತಿ ಹಜಾರದ ಗಡಿಯಾರ ಇಳಿಸಿದೆ. ಮುಳ್ಳನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಿರುಗಿಸಿ, ಸರಿಯಾದ ಹೊತ್ತಿಗೆ ಇಟ್ಟೆ. ಸರೋಜ ಕೆಳಗಿನಿಂದ ಸ್ಟೂಲು ಹಿಡಿದುಕೊಂಡು, "ಯಾಕ್ರೀ, ಇನ್ಮೇಲೆ ಗೇಟ್ ಮುಚ್ಚಲ್ವಾ?" ಎಂದಳು. ಮುಚ್ಚಿದರೆ ಮುಚ್ಚಿಕೊಳ್ಳಲಿ, ನಾನು ಒಳಗೇ ಇದ್ದೇನೆ ಎಂದೆ. ಕ್ಯಾಲೆಂಡರಿನ ಪೆನ್ಸಿಲ್ ಗುರುತನ್ನೂ ಬಿಟ್ಟೆ. ನಮ್ಮ ಮನೆಯಲ್ಲಿ ಯಾರಿಗೆ ಯಾವ ಶಿಫ್ಟ್ ಎಂದು ಈಗ ಗೊತ್ತುಮಾಡುವವಳು ಬೇರೆ. ಅವಳ ಸೈರನ್‌ಗೆ ಹೊತ್ತು ಗೊತ್ತಿಲ್ಲ.

ಒಂದು ಮಾತ್ರ ಎಡವಟ್ಟಾಗಿದೆ. ಗಡಿಯಾರ ಸರಿಯಾಯಿತು, ಸರೋಜ ಸರಿಯಾಗಿಲ್ಲ. ಇಷ್ಟು ವರ್ಷದ ಅಭ್ಯಾಸ, ಅವಳ ಕಣ್ಣು ಮುಳ್ಳನ್ನು ನೋಡಿದ ತಕ್ಷಣ ಇಪ್ಪತ್ತು ಕಳೆದುಬಿಡುತ್ತದೆ. ಈಗಲೂ ನೋಡಿ, ನಾಲ್ಕಾಯಿತು, ಕಾಫಿಯ ಸುಳಿವಿಲ್ಲ. ಅವಳ ಪಾಲಿಗಿನ್ನೂ ಮೂರೂ ನಲವತ್ತು. ಕೂಗಿ ಹೇಳಬಹುದಿತ್ತು. ಪುಟ್ಟಿ ಮಲಗಿದ್ದಾಳೆ, ಪಂಚೆಯೂ ಇನ್ನೇನು ಒಣಗುತ್ತಾ ಬಂತು. ಇಪ್ಪತ್ತು ನಿಮಿಷ ತಾನೇ, ಕೂತಿರುತ್ತೇನೆ.